ತೋಡುಗಳ ನಕ್ಷೆಗೆ ಕ್ಯೂಜಿಐಎಸ್: ಆರು ಮಳೆಗಾಲಗಳ ಅನುಭವ

ಮಂಗಳೂರಿನಲ್ಲಿ ಮಳೆನೀರಿನ ಚರಂಡಿಗಳ ವಿನ್ಯಾಸ ಮಾಡುವ ನಮ್ಮ ಸಣ್ಣ ಕಚೇರಿಯಲ್ಲಿ ಆರು ಮಳೆಗಾಲಗಳಿಂದ ಕ್ಯೂಜಿಐಎಸ್ ಬಳಕೆಯಲ್ಲಿದೆ. ನಕ್ಷೆ ತಯಾರಿಸಲೆಂದು 2002ರಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ನಾವು ತಂದುಕೊಂಡದ್ದು ಆ ಕಾರಣಕ್ಕೆ. ಆದರೆ ತೋಡು (ನೀರು ಹರಿಯುವ ಸಣ್ಣ ಹಳ್ಳ), ಮೋರಿ (ರಸ್ತೆಯಡಿಯ ನೀರಿನ ದಾರಿ), ಸರ್ವೆ ನಂಬರಿನ ಗಡಿಗಳನ್ನು ಒಂದರ ಮೇಲೊಂದು ಪದರವಾಗಿ ಹಾಸಿ, ಮೇಲಿನ ತೋಡಿಗಿಂತ ಕಿರಿದಾದ ಮೋರಿಗಳು ಯಾವುವೆಂದು ಕೇಳಿದರೆ ಕ್ಷಣದಲ್ಲಿ ಹೆಕ್ಕಿ ತೋರಿಸುವುದರಿಂದ ಇಂದಿಗೂ ಬಿಟ್ಟಿಲ್ಲ.

ತೊಡಕಿರುವುದು ಅದಕ್ಕೆ ನಾವು ಉಣಿಸುವ ಎತ್ತರದ ಮಾಹಿತಿಯಲ್ಲಿ. ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಮಾಹಿತಿಯನ್ನು ಬಾಹ್ಯಾಕಾಶ ನೌಕೆಯಿಂದ ಅಳೆದದ್ದು 2000ದ ಫೆಬ್ರವರಿಯಲ್ಲಿ. ಅದು ನೆಲವನ್ನು ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಒಂದೇ ಎತ್ತರ ಕೊಡುತ್ತದೆ; ಒಂದೊಂದು ಚೌಕದ ಬದಿಯೂ ಸುಮಾರು 30 ಮೀಟರ್. ಎರಡು ಮೂರು ಮೀಟರ್ ಅಗಲದ ತೋಡು ಅದರಲ್ಲಿ ಕಾಣುವುದಿಲ್ಲ, ದಟ್ಟವಾದ ತೋಟದ ಮೇಲ್ಭಾಗವನ್ನು ಅದು ಬಹುಮಟ್ಟಿಗೆ ನೆಲವೆಂದೇ ಎಣಿಸುತ್ತದೆ, ಆಮೇಲೆ ಮಣ್ಣು ತುಂಬಿಸಿ ಎತ್ತರಿಸಿದ ಗದ್ದೆಗಳ ಸುದ್ದಿಯಂತೂ ಅದಕ್ಕೆ ತಲುಪಿಯೇ ಇಲ್ಲ. ಮೊದಲ ವರ್ಷ ಕೊಟ್ಟಾರ ಚೌಕಿಯ ಸಮೀಪ ನಾನು ತೆಗೆದ ನೀರಿನ ಹಾದಿ ಒಂದು ತೆಂಗಿನ ತೋಟವನ್ನು ಗುಡ್ಡವೆಂದು ಬಗೆದು ಸುತ್ತುಹಾಕಿಕೊಂಡು ಹೋಗಿತ್ತು. ಅಲ್ಲಿಯ ಹಿರಿಯರೊಬ್ಬರು ನಕ್ಷೆ ನೋಡಿ, "ನೀರು ಯಾವತ್ತು ಹಾಗೆ ಹೋದದ್ದು ಮಾರಾಯ್ರೆ?" ಎಂದರು. ಅಂದಿನಿಂದ ತೋಡಿನ ತಳದ ಮಟ್ಟವನ್ನು ಸ್ಥಳದಲ್ಲೇ ಅಳೆದು, ಆ ಗೆರೆಯನ್ನು ಎತ್ತರದ ನಕ್ಷೆಯಲ್ಲಿ ಕೊರೆದು ಕೂರಿಸಿದ ಮೇಲೆಯೇ ಹರಿವಿನ ಲೆಕ್ಕಕ್ಕೆ ಕೈಹಾಕುತ್ತೇನೆ.

ಸ್ಥಳದಲ್ಲಿ ಮಾಹಿತಿ ತುಂಬಲು ಕ್ಯೂಜಿಐಎಸ್ ಜೊತೆ ಕೆಲಸ ಮಾಡುವ ಮೊಬೈಲ್ ಆ್ಯಪ್ ಕ್ಯೂಫೀಲ್ಡ್ ಸಾಕು. ಆ ಮಾಹಿತಿ ಉಳಿಸಲು ಶೇಪ್‌ಫೈಲ್ ಎಂಬ ಹಳೆಯ ಕಡತ ಮಾದರಿ ಮಾತ್ರ ಬೇಡ: ಅದರಲ್ಲಿ ಕಾಲಂ ಹೆಸರು ಹತ್ತು ಬೈಟ್‌ಗೆ ಮುಗಿಯುತ್ತದೆ, ಕನ್ನಡದ ಒಂದೊಂದು ಚಿಹ್ನೆಗೇ ಮೂರು ಬೈಟ್ ಬೇಕು. ನಮ್ಮ ಕಾಲಂಗಳು ಅಗಲವೋ ಎತ್ತರವೋ ತಿಳಿಯದಂತೆ ತುಂಡಾದ ಮೇಲೆ ಆ ಮಿತಿ ಇಲ್ಲದ ಜಿಯೋಪ್ಯಾಕೇಜ್ ಮಾದರಿಗೆ ಬದಲಾದೆವು.

ಇನ್ನೊಂದು ಮಿತಿ ಸಮುದ್ರದ್ದು. ಜೋರು ಮಳೆಯೂ ಉಬ್ಬರವೂ ಕೂಡಿ ಬಂದರೆ ನೇತ್ರಾವತಿ, ಫಲ್ಗುಣಿಗಳ ಅಳಿವೆಯ ಕಡೆಗಿನ ತೋಡುಗಳಲ್ಲಿ ನೀರು ಹಿಂದಕ್ಕೆ ಒತ್ತಿ ನಿಲ್ಲುತ್ತದೆ. ಗಂಟೆಗಂಟೆಗೆ ಬದಲಾಗುವ ಆ ಮಟ್ಟವನ್ನು ಕ್ಯೂಜಿಐಎಸ್ ತಾನಾಗಿ ಲೆಕ್ಕಿಸದು. ಅದಕ್ಕೆ ಮಳೆನೀರಿನ ಹರಿವು ಲೆಕ್ಕಹಾಕುವ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಉಚಿತ ತಂತ್ರಾಂಶ ಎಸ್‌ಡಬ್ಲ್ಯೂಎಂಎಂ ಬೇಕು, ಕಲಿಯಲು ತಾಳ್ಮೆಯೂ ಬೇಕು.

ಕಳೆದ ವರ್ಷ ಮೋರಿಗಳ ಪಟ್ಟಿಗೆ ಹೂಳಿನ ದಪ್ಪಕ್ಕೆಂದು ಹೊಸ ಕಾಲಂ ಸೇರಿಸಿದೆ. ನಕ್ಷೆಯಲ್ಲಿ ಒಂದೂವರೆ ಮೀಟರ್ ಎತ್ತರವಿದ್ದ ಒಂದು ಮೋರಿಗೆ ಪತ್ತನಾಜೆಗೆ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ ಬರುವ ತುಳುವರ ವಿಶೇಷ ದಿನ) ಮೊದಲು ಕೋಲು ಇಳಿಸಿದರೆ, ನೀರಿಗೆ ಉಳಿದದ್ದು ಮುಕ್ಕಾಲು ಮೀಟರ್. ಈ ಸಲ ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮತ್ತೊಮ್ಮೆ ಅಳೆಯಬೇಕೆಂದಿದ್ದೇನೆ.