ಆಟಿಯಲ್ಲಿ ಬರುವ ಬಿತ್ತನೆ ದುಡ್ಡು: ಕರಾವಳಿಯ ಬಡ ರೈತ ಮನೆಗಳಲ್ಲಿ ಪಿಎಂ ಕಿಸಾನ್, ಗೃಹಲಕ್ಷ್ಮಿ ಹೇಗೆ ಕೆಲಸ ಮಾಡುತ್ತಿವೆ?

ಒಂದೆಕರೆ ಅಡಿಕೆ, ಅರ್ಧ ಎಕರೆ ಗದ್ದೆ, ಹಟ್ಟಿಯಲ್ಲಿ ಒಂದು ದನ, ಸಂಜೆ ಹೊತ್ತು ಬೀಡಿ ಸುತ್ತುವ ಕೆಲಸ. ಮೂಡುಬಿದಿರೆ, ಬೆಳ್ತಂಗಡಿ, ಕಾರ್ಕಳ, ಬ್ರಹ್ಮಾವರದ ಒಳಭಾಗಗಳಲ್ಲಿ ಬಡ ರೈತ ಮನೆ ಎಂದರೆ ಹೆಚ್ಚುಕಡಿಮೆ ಇಷ್ಟೇ. ಈ ಮನೆಯ ಬ್ಯಾಂಕ್ ಖಾತೆಗೆ ಈಗ ಎರಡು ಕಡೆಯಿಂದ ನೇರ ಹಣ ಬರುತ್ತದೆ. ಕೇಂದ್ರದ ಪಿಎಂ ಕಿಸಾನ್‌ನಿಂದ ವರ್ಷಕ್ಕೆ ₹6,000, ಮೂರು ಕಂತಿನಲ್ಲಿ. ರಾಜ್ಯದ ಗೃಹಲಕ್ಷ್ಮಿಯಿಂದ ತಿಂಗಳಿಗೆ ₹2,000, ಮನೆಯ ಯಜಮಾನಿಯ ಹೆಸರಿಗೆ. ಎರಡೂ ಸರಿಯಾಗಿ ಬಂದರೆ ವರ್ಷಕ್ಕೆ ₹30,000.

ಅಂಕ ಮೊದಲೇ ಹೇಳಿಬಿಡೋಣ. ಗೃಹಲಕ್ಷ್ಮಿಗೆ ಐದರಲ್ಲಿ ನಾಲ್ಕು. ಪಿಎಂ ಕಿಸಾನ್‌ಗೆ ಎರಡೂವರೆ. ಕಿಸಾನ್‌ನ ಅಂಕ ಕಳೆದದ್ದಕ್ಕೆ ಮೊತ್ತ ಸಣ್ಣದೆಂಬುದು ಮುಖ್ಯ ಕಾರಣವಲ್ಲ. ಹಣ ಬರುವ ತಾರೀಕು ಮತ್ತು ಪಹಣಿಯಲ್ಲಿರುವ ಹೆಸರು, ಈ ಎರಡು.

ತಾರೀಕಿನಿಂದ ಶುರುಮಾಡೋಣ. ನಮ್ಮಲ್ಲಿ ಕೃಷಿಯ ಖರ್ಚು ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ, ಬಾಯಿ ತೆರೆಯುತ್ತದೆ. ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಗೆ ಎಂಓ4 ತಳಿಯ ಬಿತ್ತನೆ ಬೀಜ ಎಕರೆಗೆ ಸುಮಾರು 25 ಕೆ.ಜಿ. ತರಬೇಕು, ಟಿಲ್ಲರಿನವರಿಗೆ ಗಂಟೆ ಲೆಕ್ಕದಲ್ಲಿ ಕೊಡಬೇಕು, ನೇಜಿ (ಭತ್ತದ ಸಸಿ) ನೆಡುವವರಿಗೆ ಕೂಲಿ ಎಣಿಸಬೇಕು. ತೋಟಕ್ಕೆ ಮಳೆ ಹಿಡಿಯುವ ಮೊದಲೇ ಕೊಳೆರೋಗದ ಮದ್ದು ಬಿಡಬೇಕು. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. 200 ಲೀಟರಿನ ಒಂದು ಡ್ರಮ್ಮಿಗೆ ಇದರ ಎರಡರಷ್ಟು. ಮೊದಲ ಸುತ್ತು ತಪ್ಪಿದರೆ ಜುಲೈಯಲ್ಲಿ ಕಾಯಿ ಉದುರುವುದನ್ನು ನೋಡುತ್ತಾ ಕೂರುವುದೇ ಕೆಲಸ. ಎರಡನೇ ಸುತ್ತು 40-45 ದಿನ ಬಿಟ್ಟು.

ಈಗ ಕಿಸಾನ್‌ನ ಏಪ್ರಿಲ್-ಜುಲೈ ಕಂತು ಬಂದ ದಿನಗಳನ್ನು ನೋಡಿ. 2023ರಲ್ಲಿ ಜುಲೈ 27. 2024ರಲ್ಲಿ ಜೂನ್ 18. 2025ರಲ್ಲಿ ಆಗಸ್ಟ್ 2. ಮೂರರಲ್ಲಿ ಎರಡು ಸಲ ಆಟಿ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ನಡುವೆ! ಅಷ್ಟರಲ್ಲಿ ನೇಜಿ ಬೇರು ಹಿಡಿದಿರುತ್ತದೆ, ಮೊದಲ ಮದ್ದು ಮುಗಿದಿರುತ್ತದೆ, ಮೈಲುತುತ್ತು ಸಾಲಕ್ಕೆ ಬಂದಿರುತ್ತದೆ. ಹಾಗಾಗಿ ಬೀಜಕ್ಕೆಂದು ಹೊರಟ ಹಣ ಅಂಗಡಿಯ ಪುಸ್ತಕದ ಸಾಲಕ್ಕೆ, ಆಟಿಯ ಅಕ್ಕಿಗೆ, ಜ್ವರದ ಮದ್ದಿಗೆ ಹೋಗುತ್ತದೆ. ಇದನ್ನು ದುರುಪಯೋಗ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಮಳೆಗಾಲದ ಕೆಲಸವಿಲ್ಲದ ತಿಂಗಳಲ್ಲಿ ಎರಡು ಸಾವಿರ ಸಿಕ್ಕಿದರೆ ಆ ಮನೆ ದನ ಮಾರುವುದು ತಪ್ಪುತ್ತದೆ, ಕಿವಿಯ ಓಲೆ ಒತ್ತೆಗೆ ಹೋಗುವುದು ತಪ್ಪುತ್ತದೆ. ಆದರೆ ಅದೇ ಎರಡು ಸಾವಿರ ಮೇ 20ಕ್ಕೆ ಕೈಗೆ ಬಂದಿದ್ದರೆ ಮೈಲುತುತ್ತನ್ನು ನಗದು ಕೊಟ್ಟು ತರಬಹುದಿತ್ತು, ಮದ್ದು ಬಿಡುವವರನ್ನು ಮುಂಗಡ ಕೊಟ್ಟು ಹಿಡಿದಿಟ್ಟುಕೊಳ್ಳಬಹುದಿತ್ತು. ಅಡಿಕೆ ಮರ ಹತ್ತುವವರು ಸಿಗುವುದೇ ಕಷ್ಟವಿರುವ ಈ ಕಾಲದಲ್ಲಿ ಮುಂಗಡಕ್ಕಿರುವ ಬೆಲೆ ತೋಟ ಇರುವವರಿಗೆಲ್ಲ ಗೊತ್ತು.

ಜೂನ್‌ನಲ್ಲಿ ಹಣ ಬಂದ ವರ್ಷ ಅದಕ್ಕೆ ಇನ್ನೊಂದು ಒಳ್ಳೆಯ ದಾರಿಯೂ ಇದೆ: ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆಗೆ ಹೆಕ್ಟೇರಿಗೆ ₹1,28,000 ವಿಮಾ ಮೊತ್ತ, ರೈತರು ಕಟ್ಟುವುದು ಶೇ. 5, ಅಂದರೆ ₹6,400. ಎಕರೆಗೆ ಲೆಕ್ಕ ಹಾಕಿದರೆ ಸುಮಾರು ₹2,590. ಒಂದು ಕಂತಿಗೆ ಸುಮಾರು ಆರುನೂರು ಸೇರಿಸಿದರೆ ಒಂದೆಕರೆ ತೋಟಕ್ಕೆ ರಕ್ಷಣೆ ಸಿಕ್ಕಿತು. ವಿಮೆ ಕಟ್ಟುವ ಕೊನೆಯ ದಿನ ಹೆಚ್ಚಾಗಿ ಜೂನ್-ಜುಲೈಯಲ್ಲೇ ಬರುವುದರಿಂದ ಆಗಸ್ಟ್ ಹಣ ಇದಕ್ಕೂ ಆಗದು.

ಮೊತ್ತದ ವಿಷಯ. 2019ರಲ್ಲಿ ₹6,000 ಇದ್ದದ್ದು ಇಷ್ಟು ವರ್ಷಗಳ ಬಳಿಕವೂ ₹6,000. ಆಗ ಕರ್ನಾಟಕದಲ್ಲಿ ನರೇಗಾ ದಿನಗೂಲಿ ₹249, ಅಂದರೆ ಒಂದು ಕಂತು ಎಂಟು ದಿನದ ಕೂಲಿಗೆ ಸಮ. 2025-26ರಲ್ಲಿ ಕೂಲಿ ₹370; ಅದೇ ಕಂತು ಐದು ದಿನದ ಕೂಲಿಯನ್ನು ಸ್ವಲ್ಪ ದಾಟುತ್ತದೆ, ಅಷ್ಟೆ. ತೋಟದ ಕೆಲಸದ ನಿಜವಾದ ಕೂಲಿ ಅದಕ್ಕಿಂತ ಎಷ್ಟೋ ಮೇಲೆ. 2019ರಿಂದ ರಾಜ್ಯ ಸರ್ಕಾರ ಸೇರಿಸುತ್ತಿದ್ದ ವರ್ಷದ ₹4,000 ಕೂಡ 2023ರಲ್ಲಿ ನಿಂತಿತು. ಒಂದು ಒಳ್ಳೆಯ ಗುಣ ಮಾತ್ರ ಹೇಳಲೇಬೇಕು: ಇದು ವಿಸ್ತೀರ್ಣ ನೋಡುವುದಿಲ್ಲ. ಹತ್ತು ಸೆಂಟ್ಸ್ ಕೃಷಿ ಪಟ್ಟಾ ಇದ್ದವರಿಗೂ ಹತ್ತು ಎಕರೆ ಇದ್ದವರಿಗೂ ಅಷ್ಟೇ ಹಣ. ತೆಲಂಗಾಣದ ರೈತಬಂಧು 2018ರಲ್ಲಿ ಎಕರೆಗೆ ಇಷ್ಟೆಂದು ಶುರುವಾಯಿತು. ಅಲ್ಲಿ ದೊಡ್ಡ ಹಿಡುವಳಿಗೆ ದೊಡ್ಡ ಮೊತ್ತ. ಸೆಂಟ್ಸ್ ಲೆಕ್ಕದ ನಮ್ಮ ಜಿಲ್ಲೆಗಳಿಗೆ ಕಿಸಾನ್‌ನ ಕ್ರಮವೇ ನ್ಯಾಯ. ಹಂಗಾಮಿಗೆ ಮೊದಲೇ ಹಣ ಕೊಡಬೇಕೆಂಬ ರೈತಬಂಧುವಿನ ಉದ್ದೇಶವನ್ನು ಮಾತ್ರ ಕಲಿತುಕೊಳ್ಳಬೇಕು.

ಇನ್ನು ಹೆಸರು. ದೊಡ್ಡ ತೊಡಕು ಇರುವುದು ಇಲ್ಲೇ, ಅರ್ಜಿ ತಿರಸ್ಕಾರವಾಗುವುದೂ ಹೆಚ್ಚಾಗಿ ಇಲ್ಲೇ.

ಭೂಸುಧಾರಣೆಯಲ್ಲಿ ಡಿಕ್ಲರೇಶನ್ (ತಾನು ಗೇಣಿದಾರನೆಂಬ ಅರ್ಜಿ) ಕೊಟ್ಟು ಜಾಗ ಪಡೆದ ಅಜ್ಜ ತೀರಿಹೋಗಿ ಎಷ್ಟೋ ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇರುವ ಮನೆಗಳು ನಮ್ಮಲ್ಲಿ ಬಹಳ. ಮಕ್ಕಳಲ್ಲಿ ಒಬ್ಬರು ಮುಂಬೈಯಲ್ಲಿ, ಒಬ್ಬರು ಗಲ್ಫಿನಲ್ಲಿ, ಜಾಗ ನೋಡಿಕೊಳ್ಳುವವರು ಊರಿನಲ್ಲಿ. ಸತ್ತವರ ಹೆಸರಿನ ಪಹಣಿಗೆ ಕಿಸಾನ್ ಹಣ ಬರುವುದಿಲ್ಲ. ಪರಿಹಾರ ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಬೇಕಾದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್, ಪಹಣಿ. ಪಾಲುಪಟ್ಟಿ ಆಗದೆ ಪೌತಿ ಆಗದು ಎಂದು ನಂಬಿ ಸುಮ್ಮನೆ ಕೂತವರು ಅನೇಕ. ಎಲ್ಲ ವಾರಸುದಾರರ ಹೆಸರು ಸೇರಿಸಿ ಜಂಟಿಯಾಗಿ ಮಾಡಿಸಲು ಪಾಲುಪಟ್ಟಿ ಬೇಕಿಲ್ಲ. ಒಬ್ಬರ ಹೆಸರಿಗೇ ಬೇಕೆಂದರೆ ಮಾತ್ರ ಉಳಿದವರ ಹಕ್ಕುಬಿಡುಗಡೆ ಪತ್ರ ನೋಂದಣಿ ಆಗಬೇಕು. ಕಿಸಾನ್‌ಗೆ ಜಮೀನು 2019ರ ಫೆಬ್ರವರಿ 1ಕ್ಕೆ ಮೊದಲೇ ಹೆಸರಿನಲ್ಲಿರಬೇಕೆಂಬ ನಿಯಮವಿದೆ. ವಾರಸಿನಿಂದ ಬಂದ ಜಮೀನಿಗೆ ಅದು ಅಡ್ಡ ಬರುವುದಿಲ್ಲ.

ಪೌತಿ ಆದ ಮೇಲೆ ಅಲ್ಲಿಗೇ ಬಿಡಬೇಡಿ. ಹೊಸ ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಫ್ರೂಟ್ಸ್ ಐಡಿ (ರಾಜ್ಯದ ರೈತ ನೋಂದಣಿ ಸಂಖ್ಯೆ) ಮಾಡಿಸಬೇಕು. ಐಡಿ ಮೊದಲೇ ಇದ್ದರೂ ಹೊಸ ಸರ್ವೆ ನಂಬ್ರಗಳನ್ನು ಅದಕ್ಕೆ ಸೇರಿಸಬೇಕು. ಎಲ್ಲ ನಂಬ್ರ ಸೇರಿದೆಯೇ ಎಂದು ಅಲ್ಲೇ ಓದಿ ಹೇಳಲು ಕೇಳಿ. ಬೆಳೆ ವಿಮೆಗೂ ಸಹಾಯಧನಕ್ಕೂ ಇದೇ ಐಡಿ ಬೇಕು. ಪಹಣಿಯಲ್ಲಿ ಕನ್ನಡದಲ್ಲಿ ಕುಲನಾಮದೊಂದಿಗೆ ಇರುವ ಹೆಸರು ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಬರೇ ಮೊದಲ ಹೆಸರಾಗಿದ್ದರೆ ಹೊಂದಾಣಿಕೆ ತಪ್ಪುತ್ತದೆ. ಆಗ ಪಿಎಂ ಕಿಸಾನ್ ಜಾಲತಾಣದಲ್ಲಿ ಸ್ಥಿತಿ ನೋಡುವಲ್ಲಿ ‘ಲ್ಯಾಂಡ್ ಸೀಡಿಂಗ್: ನೋ’, ಅಂದರೆ ಜಮೀನು ಜೋಡಣೆಯಾಗಿಲ್ಲ ಎಂದು ಕಾಣಿಸುತ್ತದೆ.

ಸ್ಥಿತಿ ನೋಡುವಾಗ ಮೂರು ಸಾಲು ಮುಖ್ಯ: ಲ್ಯಾಂಡ್ ಸೀಡಿಂಗ್, ಇ-ಕೆವೈಸಿ (ಆಧಾರ್ ಮೂಲಕ ಗುರುತು ದೃಢೀಕರಣ), ಆಧಾರ್-ಬ್ಯಾಂಕ್ ಜೋಡಣೆ. ಮೂರೂ ‘ಯೆಸ್’ ಇರಬೇಕು. ಒಂದು ‘ನೋ’ ಇದ್ದರೂ ಕಂತು ನಿಲ್ಲುತ್ತದೆ. ಇ-ಕೆವೈಸಿಯಲ್ಲಿ ನಮ್ಮ ಕಡೆಯ ತೊಂದರೆಯೇ ಬೇರೆ: ಅಡಿಕೆ ಸುಲಿದು, ರಬ್ಬರ್ ಟ್ಯಾಪಿಂಗ್ ಮಾಡಿ, ಬೀಡಿ ಸುತ್ತಿ ಬೆರಳ ಗುರುತು ಸವೆದಿರುತ್ತದೆ. ಯಂತ್ರ ಹಿಡಿಯದಿದ್ದರೆ ಪದೇ ಪದೇ ಒತ್ತಿ ಸೋಲಬೇಡಿ. ಆಧಾರ್‌ಗೆ ಮೊಬೈಲ್ ಸೇರಿದ್ದರೆ ಒಟಿಪಿಯಲ್ಲಿ ಆಗುತ್ತದೆ, ಇಲ್ಲದಿದ್ದರೆ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡಬಹುದು. ವಯಸ್ಸಾದವರಿಗೆ ಮುಖದ ದಾರಿಯೇ ಸಲೀಸು.

ಹಣ ಹಾಕಿದ್ದಾರೆ, ಖಾತೆಗೆ ಬಂದಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಆಧಾರ್ ಜೋಡಣೆಯೇ. ಈ ಹಣ ಪಾಸ್‌ಬುಕ್ಕಿನ ನಂಬ್ರ ನೋಡಿ ಹೋಗುವುದಿಲ್ಲ. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಸಿಮ್ ತೆಗೆದುಕೊಳ್ಳುವಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ಕಂತುಗಳು ಬಿದ್ದುಕೊಂಡಿರುವುದು ಉಂಟು. ಆಧಾರ್‌ಗೆ ಸೇರಿದ ಮೊಬೈಲಿನಿಂದ *99*99*1# ಒತ್ತಿದರೆ ಜೋಡಣೆಯ ಸ್ಥಿತಿ ತಿಳಿಯುತ್ತದೆ. ಇನ್ನೊಂದು ನಮ್ಮದೇ ಊರಿನ ಕಾರಣ: ವಿಜಯ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹಳೆಯ ಪಾಸ್‌ಬುಕ್ಕಿನ ಪ್ರತಿ ಕೊಟ್ಟು ಅರ್ಜಿ ಹಾಕಬೇಡಿ, ಐಎಫ್‌ಎಸ್‌ಸಿ ಬದಲಾಗಿದೆ. ಮೇ ಕೊನೆಯಲ್ಲಿ ಖಾತೆಯಿಂದ ₹436 ಮತ್ತು ₹20 ಹೋಗಿದ್ದರೆ ಗಾಬರಿ ಬೇಡ, ಅದು ಜೀವನ ಜ್ಯೋತಿ ಮತ್ತು ಸುರಕ್ಷಾ ಬಿಮಾದ ಕಂತು. ಅಷ್ಟು ಹಣ ಖಾತೆಯಲ್ಲಿ ಉಳಿಸಿಕೊಂಡರೆ ಒಳ್ಳೆಯದು.

ಕಾಗದ ತಿದ್ದಿಯೂ ಪರಿಹಾರವಾಗದ ಒಂದು ಗುಂಪಿದೆ. ಹಡಿಲು ಬಿದ್ದ (ಬೇಸಾಯವಿಲ್ಲದೆ ಪಾಳು ಬಿಟ್ಟ) ಗದ್ದೆಯನ್ನು ಬಾಯಿಮಾತಿನ ಗೇಣಿಗೆ ಮಾಡುವವರು. ಕರ್ನಾಟಕದಲ್ಲಿ 1974ರ ಬಳಿಕ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ ನಿಷೇಧ, ಹಾಗಾಗಿ ಯಾವ ಧಣಿಯೂ ಬರೆದು ಕೊಡುವುದಿಲ್ಲ. ಉತ್ತವರಿಗೆ ಭೂಮಿ ಕೊಡಿಸಿದ ಕಾನೂನೇ ಇಂದು ಉಳುವವರ ಹೆಸರು ಎಲ್ಲೂ ಬರೆಯದಂತೆ ಮಾಡಿದೆ. ಉಳುವವರಿಗೆ ಬೀಜದ ಖರ್ಚು, ಪಹಣಿದಾರರಿಗೆ ₹2,000. ಕುಮ್ಕಿಯಲ್ಲಿ (ಪಟ್ಟಾ ಜಮೀನಿಗೆ ತಾಗಿದ ಸರ್ಕಾರಿ ಜಾಗ) ಬೆಳೆ ಮಾಡಿಕೊಂಡವರಿಗೂ ಇದೇ ಪಾಡು. ಒಡಿಶಾದ ಕಾಲಿಯಾ ಯೋಜನೆ ಪಾಲಿಗೆ ಉಳುವವರನ್ನೂ ಭೂರಹಿತರನ್ನೂ ಸೇರಿಸಿಕೊಂಡಿತ್ತು. ಕಿಸಾನ್ ಇದನ್ನು ಮಾಡಿಲ್ಲ. ಒಂದು ಪೂರ್ತಿ ಅಂಕ ನಾವು ಇಲ್ಲೇ ಕಳೆದೆವು.

ಗೃಹಲಕ್ಷ್ಮಿಗೆ ಅಂಕ ಹೆಚ್ಚು ಸಿಕ್ಕಿದ್ದೂ ಈ ಕಾರಣಕ್ಕೆ. 2023ರ ಆಗಸ್ಟ್ 30ರಂದು ಶುರುವಾದ ಇದು ಪಹಣಿ ಕೇಳುವುದಿಲ್ಲ, ರೇಷನ್ ಕಾರ್ಡ್ ಕೇಳುತ್ತದೆ. ಕಾರ್ಡಿನಲ್ಲಿ ಯಜಮಾನಿಯಾಗಿ ಹೆಸರಿದ್ದು, ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟದಿದ್ದರೆ ಸಾಕು. ಗೇಣಿಯ ಮನೆಗೂ ಕುಮ್ಕಿಯ ಮನೆಗೂ ತಲುಪುತ್ತದೆ. ತಿಂಗಳ ಹಣವಾದ್ದರಿಂದ ಸ್ವಸಹಾಯ ಸಂಘದ ವಾರದ ಕಂತು, ಗ್ಯಾಸ್, ಹಿಂಡಿ, ಮಕ್ಕಳ ಬಸ್ಸಿನ ಖರ್ಚು ಇದರಲ್ಲಿ ನಡೆಯುತ್ತದೆ. ಬೀಡಿಯ ಎಲೆ ಕಡಿಮೆ ಕೊಟ್ಟ ವಾರವೂ ಸಂಘದಲ್ಲಿ ತಲೆ ತಗ್ಗಿಸಬೇಕಿಲ್ಲ. ಒಂದು ಅಂಕ ಕಳೆದದ್ದು ತಡಕ್ಕೆ: ತಿಂಗಳ ಹಣ ಕೆಲವೊಮ್ಮೆ ಎರಡು ಮೂರು ತಿಂಗಳು ಕಾಯಿಸಿ ಒಟ್ಟಿಗೆ ಬಂದಿದೆ. ನಂಬಿ ಕಂತಿನ ಸಾಲ ತೆಗೆದವರಿಗೆ ಅದು ಪೆಟ್ಟು. ಆದ್ದರಿಂದ ಸಾಲದ ಕಂತನ್ನು ಪೂರ್ತಿಯಾಗಿ ಈ ಹಣದ ಮೇಲೆ ಕಟ್ಟಿಕೊಳ್ಳಬೇಡಿ; ಎರಡು ತಿಂಗಳ ಮೊತ್ತ ಕೈಯಲ್ಲಿ ಇಟ್ಟುಕೊಂಡೇ ಮುಂದುವರಿಯಿರಿ.

ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತಿಗೆ ಒಂದು ಉತ್ತರ. ಮಧ್ಯಪ್ರದೇಶದಲ್ಲಿ 2011-12ರಲ್ಲಿ ‘ಸೇವಾ’ (SEWA) ಎಂಬ ದುಡಿಯುವ ಮಹಿಳೆಯರ ಸಂಘಟನೆ ಕೆಲವು ಹಳ್ಳಿಗಳ ಎಲ್ಲರಿಗೂ ಯಾವ ಷರತ್ತೂ ಇಲ್ಲದೆ ತಿಂಗಳಿಗೆ ದೊಡ್ಡವರಿಗೆ ₹200, ಮಕ್ಕಳಿಗೆ ₹100 ಕೊಟ್ಟಿತು. ಬಳಿಕ ₹300 ಮತ್ತು ₹150. ಅಲ್ಲಿ ಜನ ಸ್ವಂತ ಹೊಲದಲ್ಲಿ ಹೆಚ್ಚು ದುಡಿದರು, ಆಡು ಹಸು ಹೆಚ್ಚಿದವು. ಕರಾವಳಿಯದ್ದೇ ಉದಾಹರಣೆ ಬೇಕಾದರೆ ಅನ್ನಭಾಗ್ಯ ನೋಡಿ. 2023ರ ಜುಲೈಯಿಂದ 2025ರ ಜನವರಿವರೆಗೆ ಐದು ಕೆ.ಜಿ. ಅಕ್ಕಿಯ ಬದಲು ತಲೆಗೆ ₹170 ಬಂತು, ಐದು ಜನರ ಮನೆಗೆ ₹850. ಬೆಳ್ತಿಗೆ (ಬಿಳಿ) ಅಕ್ಕಿ ಉಣ್ಣದ ಮನೆಗಳು ಅದಕ್ಕೆ ಕುಚ್ಚಲಕ್ಕಿ ತಂದವು. ಬಳಿಕ ಮತ್ತೆ ಅಕ್ಕಿಯೇ ಬಂತು. ಗಂಜಿಗೆ ಹೊಂದದ ಆ ಅಕ್ಕಿ ಎಷ್ಟೋ ಮನೆಗಳಲ್ಲಿ ದೋಸೆಗೂ ಕೋಳಿಗೂ ಆಯಿತು.

ದೂರಿಗೆ: ಕಿಸಾನ್‌ಗೆ 155261, ರಾಜ್ಯದ ಯೋಜನೆಗಳಿಗೆ ಜನಸ್ಪಂದನ 1902. ಕರೆ ಮಾಡುವ ಮೊದಲು ನೋಂದಣಿ ಸಂಖ್ಯೆ, ಕೊನೆಯ ಕಂತು ಬಂದ ದಿನ, ಮೇಲಿನ ಮೂರು ಸಾಲುಗಳಲ್ಲಿ ಯಾವುದು ‘ನೋ’ ಎಂದು ಬರೆದಿಟ್ಟುಕೊಳ್ಳಿ. ಪೌತಿ ಆಗದಿದ್ದವರು ಮಾತ್ರ ಕರೆ ಮಾಡಿ ಪ್ರಯೋಜನವಿಲ್ಲ, ಮೊದಲು ನಾಡಕಚೇರಿಗೆ ಹೋಗಿ. ಮುಂಬೈಯವರು, ಗಲ್ಫಿನವರು ರಜೆಗೆ ಊರಿಗೆ ಬರುವುದು ಏಪ್ರಿಲ್, ಮೇಯಲ್ಲಿ. ಆಧಾರ್ ಪ್ರತಿ, ಸಹಿ ಆಗಲೇ ಪಡೆದುಕೊಳ್ಳಿ.