ಪ್ಯಾರಾಶೂಟ್ ಆ್ಯಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್: ಮೊದಲು ಯಾವುದನ್ನು ಕಟ್ಟಬೇಕು?

ಗಾಳಕ್ಕೆ ಪುಕ್ಕ, ಕೂದಲು ಸುತ್ತಿ, ನೀರಿನ ಮೇಲೆ ತೇಲುವ ಹುಳುವಿನ ಹಾಗೆ ಮಾಡಿದರೆ ಅದೇ ಡ್ರೈ ಫ್ಲೈ. ಅಮೆರಿಕದ ಕೊಲರಾಡೊದ ಹೊಳೆಗಳಲ್ಲಿ ಎರಡು ಬೇಸಿಗೆ ಟ್ರೌಟ್ ಮೀನಿನ ಹಿಂದೆ ಅಲೆದಿದ್ದೇನೆ. ಡಬ್ಬಿಯಲ್ಲಿ ಬಗೆಬಗೆಯ ಫ್ಲೈ ಇದ್ದರೂ ಕೈ ಹೋಗುವುದು ಈ ಎರಡಕ್ಕೇ. ಎರಡನ್ನೂ 16ನೇ ನಂಬರ್ ಗಾಳದ ಮೇಲೆ ಕಟ್ಟಿ, ಒಂದೇ ರಾಡ್‌ನಲ್ಲಿ ಬಿಟ್ಟು ನೋಡಿದೆ. ಹೊಸಬರು ಮೊದಲು ಕ್ಯಾಡಿಸ್ ಕಟ್ಟಲಿ ಅನ್ನೋದು ನನ್ನ ಮಾತು.

1957ರಲ್ಲಿ ಪೆನ್ಸಿಲ್ವೇನಿಯಾದ ಅಲ್ ಟ್ರಾತ್ ಕಟ್ಟಿದ ಫ್ಲೈ ಅದು. ಬಾಲವಿಲ್ಲ. ಮೈಗೆ ಡಬ್ಬಿಂಗ್ (ದಾರಕ್ಕೆ ಹೊಸೆದ ತುಪ್ಪಳ), ಮೇಲೆ ಹುಂಜದ ಗರಿ, ಅದು ಬಿಚ್ಚದಂತೆ ತೆಳು ತಂತಿ, ಕೊನೆಗೆ ಎಲ್ಕ್ ಕೂದಲಿನ ರೆಕ್ಕೆ. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ ಪ್ರಾಣಿ. ಕೂದಲ ಒಳಗೆ ಗಾಳಿ ಇರುವುದರಿಂದ ಚೆನ್ನಾಗಿ ತೇಲುತ್ತದೆ. ಬೆಂಕಿಕಡ್ಡಿ ದಪ್ಪದ ಕುಚ್ಚು ಕತ್ತರಿಸಿ, ಬುಡದ ಉಣ್ಣೆ ಬಾಚಿ ತೆಗೆದು, ತುದಿಗಳನ್ನು ಸಮ ಮಾಡಬೇಕು. ದಾರದ ಎರಡು ಸುತ್ತು ಸಡಿಲ, ಮೂರನೆಯದು ಬಿಗಿ. ಎಳೆದ ಕೂಡಲೇ ಕೂದಲು ಪೊರಕೆಯ ಹಾಗೆ ಅರಳುತ್ತದೆ. ಆಗ ಬೆರಳು ಸಡಿಲ ಬಿಟ್ಟರೆ ರೆಕ್ಕೆ ಗಾಳದ ಸುತ್ತ ತಿರುಗಿಬಿಡುತ್ತದೆ. ನನ್ನ ಮೊದಲ ಆರು ಹೀಗೇ ಹಾಳಾದವು. ಏಳನೆಯದಕ್ಕೆ ಮೀನು ಬಿತ್ತು.

ಆ್ಯಡಮ್ಸ್ ಹಳೆಯದು. 1922ರಲ್ಲಿ ಮಿಶಿಗನ್‌ನ ಲೆನ್ ಹ್ಯಾಲಡೇ ಕಟ್ಟಿದ್ದು. ಪ್ಯಾರಾಶೂಟ್ ಬಗೆಯಲ್ಲಿ ನಡುವೆ ಒಂದು ಬಿಳಿ ಕಂಬ ನಿಲ್ಲಿಸಿ, ಗರಿಯನ್ನು ಅದರ ಸುತ್ತ ಅಡ್ಡಡ್ಡ ಸುತ್ತುತ್ತಾರೆ. ಪ್ರತಿ ಸುತ್ತೂ ಹಿಂದಿನದರ ಕೆಳಗೆ ಕೂರಬೇಕು. ಕಂಬದ ಬುಡಕ್ಕೆ ದಾರ ಸುತ್ತಿ ಗಟ್ಟಿ ಮಾಡದಿದ್ದರೆ ಗರಿ ಜಾರಿ ಮೇಲಿಂದ ಕಳಚಿಕೊಳ್ಳುತ್ತದೆ. ಕ್ಯಾಡಿಸ್ ಕಟ್ಟಲು ನನಗೆ ಹತ್ತು ನಿಮಿಷ ಸಾಕು, ಇದಕ್ಕೆ ಇಪ್ಪತ್ತು.

ಈಗ ನೀರಿಗೆ ಬರೋಣ. ಗೋಲ್ಡನ್ ಊರಿನ ಮೇಲಿನ ಕಣಿವೆಯಲ್ಲಿ ಕ್ಲಿಯರ್ ಕ್ರೀಕ್ ಬಂಡೆಗಳ ನಡುವೆ ಧುಮುಕುತ್ತಾ ಬರುತ್ತದೆ. ಬಂಡೆ ಹಿಂದಿನ ಸಣ್ಣ ಮಡುವಿನಲ್ಲಿ ಫ್ಲೈ ನಿಲ್ಲುವುದು ಒಂದೆರಡು ಸೆಕೆಂಡ್ ಅಷ್ಟೇ. ಬ್ರೌನ್ ಟ್ರೌಟ್‌ಗೆ ಯೋಚಿಸಲು ಪುರುಸೊತ್ತಿಲ್ಲ, ಹಾರಿ ಕಚ್ಚುತ್ತದೆ. ಇಲ್ಲಿ ಕ್ಯಾಡಿಸ್ ಮುಳುಗದೆ ಕುಣಿಯಿತು, ಆ್ಯಡಮ್ಸ್ ಮೂರನೇ ಎಸೆತಕ್ಕೇ ನೆನೆದು ಕೂತಿತು. ಇನ್ನೊಂದು ಲಾಭವೂ ಇದೆ. ನಿಜವಾದ ಕ್ಯಾಡಿಸ್ ಹುಳು ನೀರ ಮೇಲೆ ಓಡಾಡುತ್ತದೆ. ಹಾಗಾಗಿ ದಾರ ಎಳೆದು ಫ್ಲೈ ಸ್ವಲ್ಪ ಜಾರಿದರೂ ಮೀನು ಹೆದರುವುದಿಲ್ಲ, ಎಷ್ಟೋ ಸಲ ಆ ಜಾರಾಟಕ್ಕೇ ಕಚ್ಚುತ್ತದೆ.

ಎಸ್ಟೆಸ್ ಪಾರ್ಕ್ ಅಣೆಕಟ್ಟಿನ ಕೆಳಗೆ, ಬಿಗ್ ಥಾಮ್ಸನ್ ನದಿಯ ನಿಧಾನ ನೀರಿನಲ್ಲಿ ಲೆಕ್ಕ ತಿರುಗಿತು. ಅವತ್ತು ನೀರಿನಿಂದ ಮೇಫ್ಲೈ ಹುಳುಗಳು ಏಳುತ್ತಿದ್ದವು. ಒಂದು ಟ್ರೌಟ್ ನನ್ನ ಕ್ಯಾಡಿಸ್ ಹತ್ತಿರ ಬಂದು, ಮೂಗು ತಾಗುವಷ್ಟು ಸಮೀಪದಿಂದ ನೋಡಿ, ವಾಪಸ್ ಇಳಿಯಿತು. ಮತ್ತೆ ಎರಡು ಸಲ ಹಾಗೇ ಆಯಿತು. ಆ್ಯಡಮ್ಸ್ ಕಟ್ಟಿ ಅದೇ ಜಾಗಕ್ಕೆ ಬಿಟ್ಟೆ. ಗರಿ ಅಡ್ಡ ಇರುವುದರಿಂದ ಮೈ ನೀರಿನ ಪೊರೆಗೆ ಅಂಟಿ ಕೂರುತ್ತದೆ, ಥೇಟ್ ಮೇಫ್ಲೈ ಹಾಗೆ. ಸದ್ದೇ ಇಲ್ಲ. ಬಿಳಿ ಚುಕ್ಕೆ ಸುಮ್ನೆ ಮಾಯವಾಯಿತು!

ಆ ಬಿಳಿ ಕಂಬ ನನ್ನ ಕಣ್ಣಿಗೆ ಸಂಜೆ ಬೆಳಕಲ್ಲೂ ಕಾಣುತ್ತದೆ, ಕ್ಯಾಡಿಸ್‌ನ ಮಾಸಲು ರೆಕ್ಕೆ ಕಾಣುವುದಿಲ್ಲ. ನೊರೆ ಜಾಸ್ತಿ ಇರುವ ಕಡೆ ಮಾತ್ರ ಬಿಳಿ ಬೆರೆತುಹೋಗುತ್ತದೆ. ಅದಕ್ಕೆ ಈ ಸಲ ಆರು ಆ್ಯಡಮ್ಸ್‌ಗೆ ಗುಲಾಬಿ ಕಂಬ ಹಾಕಿದ್ದೇನೆ.