ಟೈಲ್ಸ್ ಹಾಕಿಸುವವರೇ, ಇಸಾರ ಕೊಡುವ ಮೊದಲು ಇದನ್ನು ಓದಿ

ವಿಜಯಪುರದ ಕಡೆ ಯಾರಾದರೂ ಹಳೆ ಫರಸಿ ಕೀಳಿಸಿ ಟೈಲ್ಸ್ ಹಾಕಿಸುವ ವಿಚಾರದಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯಲ್ಲಿ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು. ಗುತ್ತಿಗೆದಾರನ ಹೆಸರು ಹಾಕುವುದಿಲ್ಲ. ಅವನು ಕೆಲಸ ಮಾಡಿದ ರೀತಿ ನಿಮಗೆ ತಿಳಿಯಬೇಕು, ಯಾಕೆಂದರೆ ಅದೇ ರೀತಿ ಮಾಡುವವರು ಇನ್ನೂ ಇದ್ದಾರೆ.

ಪಡಸಾಲೆ, ಅಡುಗೆಮನೆ, ಬಚ್ಚಲು ಎಲ್ಲ ಸೇರಿಸಿ ಚದರ ಅಡಿ ಲೆಕ್ಕದಲ್ಲಿ ಮಾತಾಗಿತ್ತು. ಟೈಲ್ಸ್ ನಮ್ಮದು. ಸಿಮೆಂಟು, ಉಸುಕು, ಗೌಂಡಿಗಳ ಕೂಲಿ ಅವನದು. ಪಡಸಾಲೆಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ವಿಟ್ರಿಫೈಡ್ ಟೈಲ್ಸ್ ತಂದಿದ್ದೆವು. ಹಾಕುವಾಗ ಟೈಲ್ಸ್ ನಡುವೆ ಸಂದು ಬಿಡುತ್ತಲೇ ಇರಲಿಲ್ಲ. ನಮ್ಮ ಯಜಮಾನರು ಕೇಳಿದರು. "ಸಂದ ಬಿಟ್ರ ಚಂದ ಕಾಣಂಗಿಲ್ರಿ ಸಾಹೇಬ್ರ. ನಾವು ಯಾವಾಗ್ಲೂ ಹಿಂಗ ಹಾಕ್ತೀವಿ" ಅಂದ. ಟೈಲ್ಸ್ ಅಂಟು ತರಿಸಬೇಕಾ ಅಂತ ನಾನು ಕೇಳಿದ್ದಕ್ಕೆ, "ಸುಮ್ನ ಯಾಕ್ರೀ ಅಕ್ಕಾರ ಖರ್ಚು, ಸಿಮೆಂಟ್ ನೀರು ಸಾಕು" ಅಂದುಬಿಟ್ಟ.

ಏಪ್ರಿಲ್ ಬಿಸಿಲು ಏರಿತು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಜೋರಾಗಿ ಪಟ್ ಅಂತ ಸದ್ದಾಯಿತು. ಹೋಗಿ ನೋಡಿದರೆ ನಡುವಿನ ಸಾಲಿನ ಟೈಲ್ಸ್ ಗುಡಾರದ ಹಾಗೆ ಎದ್ದು ನಿಂತಿದ್ದವು. ಅತ್ತೆಯವರು ದಿನಾ ಊಟ ಆದಮೇಲೆ ಅದೇ ಜಾಗದಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಅವತ್ತು ಇನ್ನೂ ಅಡುಗೆಮನೆಯಲ್ಲಿದ್ದರು. ಒಡೆದ ಅಂಚು ಎಷ್ಟು ಹರಿತ ಇತ್ತು ಅಂದರೆ, ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಎದ್ದ ಟೈಲ್ಸ್ ತಿರುಗಿಸಿ ನೋಡಿದೆವು. ಹಿಂಭಾಗಕ್ಕೆ ಸಿಮೆಂಟು ಹಿಡಿದೇ ಇರಲಿಲ್ಲ. ಕಾರ್ಖಾನೆಯಿಂದ ಬಂದಾಗ ಇರುವ ಬಿಳಿ ಪುಡಿ ಹಾಗೇ ಇತ್ತು. ಆ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸದೆ ಹಾಕಿದರೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಒರೆಸುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ?

ಆಮೇಲೆ ತಿಳಿದವರೊಬ್ಬರು ಬಂದು ಬಿಡಿಸಿ ಹೇಳಿದರು. ಗೋಡೆಗೆ ಹಾಕುವ ಸಾದಾ ಸೆರಾಮಿಕ್ ಟೈಲ್ಸ್ ಶೇ 10ಕ್ಕಿಂತ ಜಾಸ್ತಿ ನೀರು ಹೀರುತ್ತದೆ. ಅದಕ್ಕೇ ಅದನ್ನು ನೆನೆಸಿ ಸಿಮೆಂಟಿನಲ್ಲಿ ಹಾಕುತ್ತಾ ಬಂದಿದ್ದಾರೆ. ವಿಟ್ರಿಫೈಡ್ ಹೀರುವುದು ಶೇ 0.5ಕ್ಕಿಂತಲೂ ಕಡಿಮೆ. ಸಿಮೆಂಟ್ ನೀರು ಅದರೊಳಗೆ ಇಳಿಯುವುದೇ ಇಲ್ಲ, ಹಾಗಾಗಿ ಹಿಡಿತವೂ ಬರುವುದಿಲ್ಲ. ಅದಕ್ಕೆ ಟೈಲ್ಸ್ ಅಂಟೇ ಬೇಕು. ಚೀಲದ ಮೇಲೆ ಐಎಸ್ 15477 ಅಂತ ಭಾರತೀಯ ಮಾನಕದ ನಂಬರ್ ಇರುತ್ತದೆ, ಪಕ್ಕದಲ್ಲಿ ಟೈಪ್ ನಂಬರ್ ಇರುತ್ತದೆ. ವಿಟ್ರಿಫೈಡ್‌ಗೆ ಟೈಪ್ 1 ಬೇಡ, ಟೈಪ್ 2 ಅಥವಾ ಅದಕ್ಕಿಂತ ಮೇಲಿನದು ಕೇಳಿ. ಅಂಟನ್ನು ಹಲ್ಲಿರುವ ಕರಣೆಯಿಂದ ಪೂರ್ತಿ ಎಳೆಯಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತುವುದಲ್ಲ. ನಮ್ಮ ಬಚ್ಚಲಿನ ಗೋಡೆಗೆ ಹಾಗೇ ಉಂಡೆ ಇಟ್ಟಿದ್ದಾನೆ, ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ.

ಸಂದಿನ ವಿಷಯವಂತೂ ನಮ್ಮ ಊರಲ್ಲಿ ತುಂಬಾ ಮುಖ್ಯ. ಇಲ್ಲಿ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಗೆ ಟೈಲ್ಸ್ ಸ್ವಲ್ಪ ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದಿದ್ದರೆ ಒಂದನ್ನೊಂದು ಒತ್ತಿ, ಹಿಡಿತ ಇಲ್ಲದ ಕಡೆ ಮೇಲೆ ಏಳುತ್ತದೆ. ಕನಿಷ್ಠ 2–3 ಮಿ.ಮೀ. ಸ್ಪೇಸರ್ (ಸಂದು ಸಮ ಇರಲಿ ಅಂತ ಟೈಲ್ಸ್ ನಡುವೆ ಇಡುವ ಸಣ್ಣ ತುಂಡು) ಇಡಿಸಿ. ಗೋಡೆ ಸೇರುವ ಕಡೆಯೂ ಸಂದು ಬಿಡಿಸಿ, ಅದು ಸ್ಕರ್ಟಿಂಗ್ ಕೆಳಗೆ ಮುಚ್ಚಿಹೋಗುತ್ತದೆ. ಚಂದ ಕಾಣಲ್ಲ ಅನ್ನುವ ಮಾತಿಗೆ ಒಪ್ಪಬೇಡಿ.

ಬಚ್ಚಲಿನ ಕಥೆ ಬೇರೆ. ವಾಟರ್‌ಪ್ರೂಫಿಂಗ್ ಮಾಡಿದ್ದೇನೆ ಅಂತ ಹಣ ತೆಗೆದುಕೊಂಡ. ಈಗ ಆಚೆ ಕೋಣೆಯ ಗೋಡೆಯಲ್ಲಿ ತೇವ ಏರಿ ಗಿಲಾವು ಉದುರುತ್ತಿದೆ. ವಾಟವೂ ಸರಿ ಇಲ್ಲ, ನೀರು ಜಾಲಿ ಕಡೆ ಹೋಗದೆ ಬಾಗಿಲ ಹತ್ತಿರ ನಿಲ್ಲುತ್ತದೆ. ನೀವು ಟೈಲ್ಸ್ ಹಾಕಿಸುವ ಮೊದಲೇ ಜಾಲಿ ಮುಚ್ಚಿಸಿ, ನೀರು ತುಂಬಿಸಿ, ಒಂದು ಇಡೀ ದಿನ ಹಾಗೇ ಬಿಡಿಸಿ. ಸೋರುವುದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮೇಲೆ ಟೈಲ್ಸ್ ಕೂತ ಮೇಲೆ ಎಲ್ಲ ಒಡೆದೇ ನೋಡಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಕೊನೆಯ ದಿನ. ಸಿಮೆಂಟ್ ಕಲೆ ತೆಗೆಯುತ್ತೇವೆ ಅಂತ ಹುಡುಗರು ಬಚ್ಚಲಿನ ಆಸಿಡ್ ಸುರಿದರು. ಅದು ಹರಿದು ಅಂಗಳದ ಕಟ್ಟೆಗೆ ಹೋಯಿತು. ಮಾವನವರ ಕಾಲದಲ್ಲಿ ಹಾಸಿದ ಶಹಾಬಾದ್ ಕಲ್ಲು ಅದು, ಎಷ್ಟೋ ವರ್ಷ ಓಡಾಡಿ ನುಣ್ಣಗಾಗಿತ್ತು. ಶಹಾಬಾದ್ ಅಂದರೆ ಸುಣ್ಣದ ಕಲ್ಲು, ಆಸಿಡ್ ಬಿದ್ದ ಕೂಡಲೇ ನೊರೆ ಬಂದು ಮೇಲ್ಮೈ ತಿಂದುಹೋಗುತ್ತದೆ. ಈಗ ಅಲ್ಲೆಲ್ಲ ಬೆಳ್ಳಗೆ, ಒರಟಾಗಿ ನಿಂತಿದೆ. ಸಿಮೆಂಟಿನಲ್ಲೂ ಸುಣ್ಣದ ಅಂಶ ಇದೆ, ಹಾಗಾಗಿ ಟೈಲ್ಸ್ ನಡುವೆ ತುಂಬಿದ ಗ್ರೌಟ್ ಕೂಡ ಸವೆಯಿತು. ಮನೆಯಲ್ಲೂ ತಿಂಗಳಿಗೊಮ್ಮೆ ಆಸಿಡ್ ಹಾಕಿ ತೊಳೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಆಸಿಡ್ ಜೊತೆ ಬ್ಲೀಚಿಂಗ್ ಪುಡಿಯನ್ನಂತೂ ಎಂದೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ನಮ್ಮ ಬೋರ್ ನೀರು ಗಡಸು, ಬಿಳಿ ಕಲೆ ಕಟ್ಟುವುದು ನಿಜ. ಸ್ನಾನ ಆದಮೇಲೆ ವೈಪರ್‌ನಿಂದ ನೀರು ಎಳೆದು ಒಣಗಿಸಿದರೆ ಅರ್ಧ ಕಲೆ ಕಟ್ಟುವುದೇ ಇಲ್ಲ. ಉಳಿದದ್ದನ್ನು ಆಗಾಗ ಬ್ರಷ್‌ನಿಂದ ಉಜ್ಜಿ. ಬಚ್ಚಲಿಗೆ ಖರ್ಚು ಜಾಸ್ತಿಯಾದರೂ ಎಪಾಕ್ಸಿ ಗ್ರೌಟ್ (ಸಿಮೆಂಟಿನ ಬದಲು ರಾಳದಿಂದ ಮಾಡಿದ್ದು) ಹಾಕಿಸಿ, ಅದು ನೀರು ಹೀರುವುದಿಲ್ಲ.

ಎದ್ದುಹೋದ ಟೈಲ್ಸ್ ಬದಲಿಸೋಣ ಅಂತ ಅಂಗಡಿಗೆ ಹೋದರೆ ಅದೇ ಡಿಸೈನ್ ಇತ್ತು, ಬಣ್ಣ ಹೊಂದಲಿಲ್ಲ. ಪೆಟ್ಟಿಗೆ ಮೇಲೆ ಬ್ಯಾಚ್, ಶೇಡ್ ನಂಬರ್ ಇರುತ್ತದೆ. ತರುವಾಗ ಎಲ್ಲ ಪೆಟ್ಟಿಗೆಯದೂ ಒಂದೇ ಇದೆಯಾ ನೋಡಿ. ಕೆಲಸ ಮುಗಿದ ಮೇಲೂ ಒಂದೆರಡು ಪೆಟ್ಟಿಗೆ ಅಟ್ಟದ ಮೇಲೆ ಉಳಿಯುವಂತೆ ತನ್ನಿ.

ಗುತ್ತಿಗೆದಾರ ಈಗ ಫೋನ್ ಎತ್ತುವುದಿಲ್ಲ. ಎತ್ತಿದರೂ "ಬ್ಯಾರೆ ಸೈಟ್‌ನ್ಯಾಗ ಅದೀನ್ರಿ" ಅನ್ನುತ್ತಾನೆ. ಅರ್ಧಕ್ಕಿಂತ ಜಾಸ್ತಿ ಹಣ ಮೊದಲೇ ಪಡೆದಿದ್ದ, ಇನ್ನು ಅವನಿಗೆ ಬರುವ ಅವಸರ ಏನಿದೆ? ನೀವು ಇಸಾರ ಸ್ವಲ್ಪ ಕೊಡಿ, ಉಳಿದದ್ದನ್ನು ಕೋಣೆ ಕೋಣೆ ಮುಗಿದಂತೆ ಅಳತೆ ಮಾಡಿ ಕೊಡಿ. ಕೊನೆಯ ಕಂತು ಕೊಡುವ ಮೊದಲು ಪ್ರತಿ ಟೈಲ್ಸನ್ನೂ ನಾಣ್ಯದಿಂದ ತಟ್ಟಿ ನೋಡಿ. ಅಂಟು, ಸಂದು, ವಾಟರ್‌ಪ್ರೂಫಿಂಗ್ ಎಲ್ಲ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಅವನು ಹಿಂದೆ ಮಾಡಿದ ಮನೆ ತೋರಿಸು ಅನ್ನಿ, ಅದೂ ಒಂದು ಬೇಸಿಗೆ ಕಂಡ ಮನೆ.

ನಾವು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುವ ತಯಾರಿಯಲ್ಲಿದ್ದೇವೆ. ತೊಂದರೆ ಆದ 2 ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಮೊದಲು ವಿಚಾರಿಸಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಿಮ್ಮ ಮನೆಯಲ್ಲೂ ಟೈಲ್ಸ್ ಎದ್ದಿದ್ದರೆ, ಕೀಳಿಸುವ ಮೊದಲೇ ಫೋಟೋ, ವಿಡಿಯೋ ತೆಗೆದಿಡಿ, ಟೈಲ್ಸಿನ ಹಿಂಭಾಗದ್ದೂ ಸೇರಿಸಿ. ಹಣ ಕೊಟ್ಟ ಯುಪಿಐ ದಾಖಲೆ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ.